ಬಸುರಿಯರಿಗೊಂದು ಕಸರತ್ತು

ಹೋದ ವರ್ಷ ಸೇಡಂ ತಾಲ್ಲೂಕಿನ ಆಡಕಿಯಲ್ಲಿ ನಮ್ಮ ಬಳಗದವರ ಮನೆಗೆ ಒಂದು ಕುಬಸದ ಕಾರ್ಯಕ್ಕೆ ಹೋಗಿದ್ದೆ. ಹುಡುಗಿಗೆ ಏಳು ತಿಂಗಳು ತುಂಬಿತ್ತು, ಚೊಚ್ಚಲ ಬಸುರಿ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿತುಂಬ ಹೂವು. ಆರತಿ ಮುಗಿದು ಒಡಪಿನ ಸರದಿ ಬಂತು. ಎಂಬತ್ತು ದಾಟಿದ ಮುದುಕಿಯೊಬ್ಬಳು ತನ್ನ ಗಂಡನ ಹೆಸರನ್ನು ಎಂಥ ಚೇಷ್ಟೆಯ ಒಡಪಿನಲ್ಲಿ ಸಿಕ್ಕಿಸಿ ಹೇಳಿದಳೆಂದರೆ, ನಡುಮನೆ ತುಂಬ ಕುಳಿತ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಉಳಿದವಳು ಒಬ್ಬಳೇ: ಕುಬಸ ಮಾಡಿಸಿಕೊಳ್ಳುತ್ತಿದ್ದ ಆ ಹುಡುಗಿ. ಆಕೆ ತುಟಿ ಕಚ್ಚಿ, ತೊಡೆಗಳನ್ನು ಒತ್ತಿ ಹಿಡಿದುಕೊಂಡು, ನೆಲ ನೋಡುತ್ತ ಕುಳಿತಿದ್ದಳು. “ನಾಚಿಕೊಂಡಾಳ” ಎಂದು ಯಾರೋ ಅಂದರು. ಎಲ್ಲರೂ ಒಪ್ಪಿದರು.

ಊಟವಾದ ಮೇಲೆ ಹಿತ್ತಿಲಲ್ಲಿ ಕೈ ತೊಳೆಯುವಾಗ ಆಕೆಯೇ ನನ್ನ ಹತ್ತಿರ ಬಂದಳು. ನಾನು ಫಿಸಿಯೋಥೆರಪಿ ಮಾಡುವವಳು, ಎಂದರೆ ಮದ್ದು-ಕತ್ತರಿಗಳಿಲ್ಲದೆ ಕೈಯಿಂದಲೂ ಅಂಗಸಾಧನೆಯಿಂದಲೂ ಚಿಕಿತ್ಸೆ ಮಾಡುವವಳು, ಎಂಬುದು ಆಕೆಗೆ ಗೊತ್ತಿತ್ತು. “ಯಕ್ಕಾ, ನನಗ ನಗಲಾಕ ಅಂಜಿಕಿ ಬರ್ತದ. ನಕ್ಕರ, ಕೆಮ್ಮಿದರ, ಸೀನಿದರ ಸೀರಿ ಹಸಿ ಆಗ್ತದ. ಯಾರಿಗಿ ಹೇಳಬೇಕು?” ಎಂದಳು. ಅಂದು ಬೆಳಗಿನಿಂದ ಆಕೆ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಕಾರ್ಯ ಮುಗಿಯುವ ತನಕ ಏಳುವಂತಿಲ್ಲವಲ್ಲ, ಅದಕ್ಕೆ. ತವರಿನಿಂದ ರೈಲಿನಲ್ಲಿ ಬರುವಾಗಲೂ ಚಿತ್ತಾಪುರ ದಾಟಿ ಸೇಡಂ ಬರುವ ತನಕ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲವಂತೆ.

ಅತ್ತೆಗೆ ಹೇಳಿದ್ದೀಯಾ ಎಂದು ಕೇಳಿದೆ. ಒಂದು ಸಲ ಹೇಳಿದ್ದಳು. ಅತ್ತೆ ಕೆಟ್ಟವಳಲ್ಲ, ಸೊಸೆಯ ಮೇಲೆ ಜೀವ ಇಟ್ಟುಕೊಂಡವಳು. ಆದರೆ ಆಕೆ ಕೊಟ್ಟ ಉತ್ತರ ಇದು: “ನಮಗೂ ಹಂಗೇ ಇತ್ತು. ಈಗೂ ಅದ. ಹೆಣ್ಣಿನ ಜಲ್ಮ ಅಂದರ ಇಷ್ಟೇ.”

ಈ ಹೊತ್ತಿನ ನನ್ನ ಮಾತು ಆ “ಇಷ್ಟೇ” ಎಂಬುದರ ಬಗ್ಗೆ. ರೇಡಿಯೋ ಇರುವುದು ನಡುಮನೆಯಲ್ಲಿ. ಮಾವನವರೂ ಮೈದುನನೂ ಅಲ್ಲೇ ಕುಳಿತಿರಬಹುದು. ಇಂಥ ಮಾತು ಬಂದೊಡನೆ ಸದ್ದು ತಗ್ಗಿಸಬೇಕೆಂದು ಕೆಲವರ ಕೈ ಮುಂದಾಗಿರಲೂ ಬಹುದು. ದಯವಿಟ್ಟು ತಗ್ಗಿಸಬೇಡಿ. ಬಸುರಿಯ ರಕ್ತದ ಮಾತು, ರಕ್ತದೊತ್ತಡದ ಮಾತು, ಸಕ್ಕರೆಯ ಮಾತು ಈಗ ಎಲ್ಲರ ಮುಂದೆ ಬರುತ್ತದೆ. ಇದೂ ಅದೇ ಸಾಲಿನಲ್ಲಿ ನಿಲ್ಲತಕ್ಕ ವಿಷಯ.

ನಮ್ಮ ಕಟಿಯ ಎಲುಬುಗಳು ಒಂದು ಬೋಗುಣಿಯ ಹಾಗೆ ಇವೆ. ಆದರೆ ಇದು ತಳವಿಲ್ಲದ ಬೋಗುಣಿ. ಆ ತಳವನ್ನು ಎಲುಬಿನಿಂದಲ್ಲ, ಮಾಂಸಖಂಡಗಳಿಂದ ಮುಚ್ಚಲಾಗಿದೆ. ಮುಂದೆ ಹೊಟ್ಟೆಯ ಕೆಳಗೆ ಕೈಗೆ ತಗಲುವ ಎಲುಬಿನಿಂದ ಹಿಡಿದು, ಹಿಂದೆ ಬೆನ್ನೆಲುಬಿನ ಕಟ್ಟಕಡೆಯ ಬಾಲದೆಲುಬಿನವರೆಗೆ ಅವು ಹರಡಿಕೊಂಡಿವೆ. ಶಾಸ್ತ್ರದ ಮಾತಿನಲ್ಲಿ ಇದಕ್ಕೆ ಶ್ರೋಣಿತಳವೆನ್ನುತ್ತಾರೆ. ನಾನು ತಳದ ಸ್ನಾಯುಗಳು ಎನ್ನುತ್ತೇನೆ. ಇಂಗ್ಲಿಷರು ಇದನ್ನು ನೆಲವೆಂದು ಕರೆದರು. ಶಹಾಬಾದಿನ ಹಾಸುಗಲ್ಲಿನ ಮೇಲೆ ಓಡಾಡುವ ನಮಗೆ ನೆಲವೆಂದರೆ ಅಲುಗದ ವಸ್ತು. ಈ ತಳ ಹಾಗಲ್ಲ. ಇದು ಕೂಸಿಗೆಂದು ಸೀರೆಯಿಂದ ಕಟ್ಟಿದ ಜೋಲಿಯ ಹಾಗೆ. ಭಾರ ಬಿದ್ದರೆ ತಗ್ಗಬೇಕು, ತೆಗೆದರೆ ಮೇಲೇಳಬೇಕು. ಮೂತ್ರಕೋಶ, ಗರ್ಭಚೀಲ, ಮಲಾಶಯ ಮೂರೂ ಈ ಜೋಲಿಯ ಮೇಲೆ ಕುಳಿತಿವೆ; ಮೂರರ ದ್ವಾರಗಳೂ ಇದರ ನಡುವೆಯೇ ಹಾದುಬರುತ್ತವೆ. ಜೋಲಿ ಸಡಿಲವಾದರೆ ದ್ವಾರಗಳ ಬಿಗಿಯೂ ಸಡಿಲವಾಗುತ್ತದೆ.

ಇನ್ನು ಬಸುರಿನ ಭಾರವನ್ನು ಎಣಿಸಿ ನೋಡಿ. ದಿನ ತುಂಬುವ ಹೊತ್ತಿಗೆ ಕೂಸು ಸುಮಾರು 3 ಕಿಲೋ. ಮಾಸು ಅರ್ಧ ಕಿಲೋ. ಗರ್ಭಜಲ ಹತ್ತಿರ ಹತ್ತಿರ ಒಂದು ಲೀಟರು. ಬಸುರಿಗೆ ಮುಂಚೆ ಒಂದು ಮುಷ್ಟಿಯಷ್ಟಿದ್ದ ಗರ್ಭಚೀಲವೇ ಬೆಳೆದು ಒಂದು ಕಿಲೋ ತೂಗುತ್ತದೆ. ಐದೂವರೆ ಕಿಲೋ ಭಾರವನ್ನು ಈ ಜೋಲಿ ಹಗಲಿರುಳು ಹೊತ್ತಿರುತ್ತದೆ, ಕೆಳಗಿಡುವಂತಿಲ್ಲ. ಮೇಲಾಗಿ, ಹೆರಿಗೆಗೆ ದಾರಿ ಬಿಡಲೆಂದು ಬಸುರಿನ ಹಾರ್ಮೋನುಗಳು ಕಟಿಯ ಕಟ್ಟುಗಳನ್ನೆಲ್ಲ ಮೆತ್ತಗೆ ಮಾಡುತ್ತವೆ. ಭಾರ ಏರುವ ಕಾಲಕ್ಕೇ ಕಟ್ಟು ಸಡಿಲುತ್ತದೆ. ಆ ಸಮಯದಲ್ಲಿ ಒಂದು ಸೀನು ಬಂದರೆ ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಕ್ಕೆ ನುಗ್ಗಿ ಎರಡು ಹನಿ ಮೂತ್ರ ಜಾರುವುದರಲ್ಲಿ ಆಶ್ಚರ್ಯವೇನಿದೆ? ಇದರಲ್ಲಿ ಆ ಹುಡುಗಿಯ ತಪ್ಪೇನೂ ಇಲ್ಲ, ನಾಚಿಕೆಗೇಡೂ ಇಲ್ಲ.

ಹೆರಿಗೆಯ ಗಳಿಗೆಯಲ್ಲಿ ಈ ಸ್ನಾಯುಗಳು ಪಡುವ ಪಾಡು ಇನ್ನೂ ದೊಡ್ಡದು. 2004ರಲ್ಲಿ ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದವರು ಕಂಪ್ಯೂಟರಿನಲ್ಲಿ ಕಟಿಯ ಪ್ರತಿಕೃತಿಯೊಂದನ್ನು ರಚಿಸಿ ಲೆಕ್ಕ ಹಾಕಿದರು. ಕೂಸಿನ ತಲೆ ಹೊರಬರುವಾಗ ನಡುವಿನ ಸ್ನಾಯುವೊಂದು ತನ್ನ ಉದ್ದದ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಬೇಕಾಗುತ್ತದೆಂದು ಕಂಡುಬಂತು. ಮೈಯ ಬೇರಾವ ಸ್ನಾಯುವನ್ನಾದರೂ ಅಷ್ಟು ಎಳೆದರೆ ಹರಿದೇ ಹೋದೀತು. ಹಾಗಾದರೆ ಹೊಟ್ಟೆ ಕೊಯ್ದು ಕೂಸನ್ನು ತೆಗೆದರೆ ಈ ಗೋಳೇ ಇಲ್ಲವಲ್ಲ ಎನ್ನುವವರುಂಟು. ಆ ಲೆಕ್ಕ ಪೂರ್ತಿ ಸರಿಯಲ್ಲ. ಸಿಸೇರಿಯನ್ನಿನಿಂದ ಹಿಗ್ಗುವುದು ತಪ್ಪೀತು. ಒಂಬತ್ತು ತಿಂಗಳು ಹೊತ್ತ ಭಾರ ತಪ್ಪುವುದಿಲ್ಲ.

ಎಲ್ಲಕ್ಕೂ ಮುಖ್ಯವಾದ ಮಾತೆಂದರೆ ಇವು ಸ್ನಾಯುಗಳು. ತೋಳಿನ ಸ್ನಾಯುವಿನಂತೆ ನಮ್ಮ ಮಾತು ಕೇಳುವಂಥವು. ನಮ್ಮ ಹಠಯೋಗಿಗಳಿಗೆ ಇದು ತಿಳಿದಿತ್ತು. ‘ಹಠಯೋಗ ಪ್ರದೀಪಿಕೆ’ಯಲ್ಲಿ ಹೇಳಿರುವ ಮೂಲಬಂಧವೆಂಬುದು ಈ ತಳವನ್ನು ಬಿಗಿದು ಮೇಲಕ್ಕೆಳೆಯುವ ಕ್ರಿಯೆಯೇ. ಅವರು ಅದನ್ನು ಉಸಿರು ಕಟ್ಟಿ ಮಾಡುತ್ತಿದ್ದರು, ಬೇರೊಂದು ಸಿದ್ಧಿಗಾಗಿ. ಬಸುರಿಯರು ಉಸಿರು ಕಟ್ಟತಕ್ಕದ್ದಲ್ಲ. ಹೆಂಗಸರ ಮೂತ್ರ ಜಾರುವ ತೊಂದರೆಗೆ ಇದನ್ನು ಚಿಕಿತ್ಸೆಯಾಗಿ ಬಳಸಿ ಹೆಸರಾದವರು ಲಾಸ್ ಏಂಜಲೀಸಿನ ಸ್ತ್ರೀರೋಗ ವೈದ್ಯ ಆರ್ನಲ್ಡ್ ಕೆಗೆಲ್. ಅವರು 1948ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಕಸರತ್ತಿಗೆ ಕೆಗೆಲ್ ವ್ಯಾಯಾಮವೆಂದೇ ಹೆಸರು ಬಿತ್ತು. ಅವರು ಬರಿಯ ಬಾಯಿಮಾತಿನಲ್ಲಿ ಕಲಿಸಲಿಲ್ಲ. ಸ್ನಾಯು ಎಷ್ಟು ಬಿಗಿಯಿತೆಂಬುದನ್ನು ಮುಳ್ಳಿನಲ್ಲಿ ತೋರಿಸುವ ಒಂದು ಸಣ್ಣ ಉಪಕರಣವನ್ನೇ ಮಾಡಿದರು. ಹೆಂಗಸು ತನ್ನ ಪ್ರಯತ್ನವನ್ನು ತಾನೇ ಕಣ್ಣಾರೆ ಕಾಣಬೇಕೆಂದು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ಬಸುರಿನಲ್ಲೇ ಇದನ್ನು ಕಲಿಸಿದರೆ ಪ್ರಯೋಜನವಿದೆಯೇ? ನಾರ್ವೆ ದೇಶದ ಇಬ್ಬರು ಫಿಸಿಯೋಥೆರಪಿಸ್ಟರು, ಸಿವ್ ಮೋರ್ಕ್‌ವೆಡ್ ಮತ್ತು ಕಾರಿ ಬೋ ಎಂಬವರು, ತಮ್ಮ ಸಂಗಡಿಗರೊಡನೆ 301 ಮಂದಿ ಚೊಚ್ಚಲ ಬಸುರಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದನೆಯ ತಿಂಗಳ ಹೊತ್ತಿನಿಂದ 12 ವಾರ ಈ ಕಸರತ್ತನ್ನು ಎದುರಿಗೆ ನಿಂತು ಕಲಿಸಿದರು. ಇನ್ನೊಂದು ಗುಂಪಿಗೆ ವಾಡಿಕೆಯ ಆರೈಕೆ. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಸುರಿನ 36ನೆಯ ವಾರದಲ್ಲಿ ಮೂತ್ರ ಜಾರುತ್ತಿದ್ದವರು ಕಲಿಯದ ಗುಂಪಿನಲ್ಲಿ ನೂರಕ್ಕೆ 48, ಕಲಿತ ಗುಂಪಿನಲ್ಲಿ 32. ಹೆರಿಗೆಯಾಗಿ ಮೂರು ತಿಂಗಳ ಮೇಲೆ ನೋಡಿದಾಗ 32ಕ್ಕೆ ಎದುರಾಗಿ 20. ನಾರ್ವೆಯಂಥ ಉಳ್ಳವರ ದೇಶದಲ್ಲಿಯೂ ಸುಮಾರು ಅರ್ಧದಷ್ಟು ಬಸುರಿಯರಿಗೆ ಈ ತೊಂದರೆ ಇತ್ತೆಂಬುದನ್ನು ಗಮನಿಸಿ. ಆಡಕಿಯ ಹುಡುಗಿ ತನ್ನೊಬ್ಬಳಿಗೇ ಹೀಗೆಂದು ತಿಳಿದಿದ್ದಳು.

ಮುಂದೆ 2020ರಲ್ಲಿ, 21 ದೇಶಗಳ 46 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ 10,832 ಬಸುರಿ-ಬಾಣಂತಿಯರ ವಿವರಗಳನ್ನು ಒಟ್ಟುಗೂಡಿಸಿ ಕೋಕ್ರೇನ್ ಸಂಸ್ಥೆಯ ವಿಮರ್ಶೆ ಬಂತು. ಇನ್ನೂ ತೊಂದರೆ ಕಾಣಿಸದವರು ಬಸುರಿನ ಮೊದಲ ಭಾಗದಲ್ಲೇ ಕಲಿತರೆ ಕೊನೆಯ ತಿಂಗಳುಗಳಲ್ಲಿ ಮೂತ್ರ ಜಾರುವ ಸಂಭವ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆಂದು ಅದರ ತೀರ್ಮಾನ. ಆಗಲೇ ಜಾರಲು ಶುರುವಾದವರ ವಿಷಯದಲ್ಲಿ ಅಷ್ಟು ಗಟ್ಟಿ ಮಾತನ್ನು ಅವರು ಹೇಳಿಲ್ಲ. ನಾನೂ ಹೇಳಲಾರೆ. ಆದಕಾರಣ ಕುಬಸದ ತನಕ ಕಾಯಬೇಡಿ. ಮೂರು-ನಾಲ್ಕು ತಿಂಗಳಾಗಿ ವಾಂತಿ-ಸಂಕಟ ನಿಂತು, ಹುಡುಗಿಯ ಮುಖದಲ್ಲಿ ಕಳೆ ಮರಳುವ ಹೊತ್ತೇ ಸರಿಯಾದ ಹೊತ್ತು.

ಹಿರಿಯರಲ್ಲಿ ಒಂದು ಅಂಜಿಕೆ ಉಂಟು. ಅಡಿ ಬಿಗಿಯಾದರೆ ಹೆರಿಗೆ ಕಷ್ಟವಾದೀತಲ್ಲವೇ? ನ್ಯಾಯವಾದ ಪ್ರಶ್ನೆ. ಅದೇ ನಾರ್ವೆಯ ಬಸುರಿಯರ ಹೆರಿಗೆಯ ವಿವರಗಳನ್ನು 2004ರಲ್ಲಿ ಪರಿಶೀಲಿಸಿದಾಗ, ಕಸರತ್ತು ಮಾಡಿದವರಲ್ಲಿ ಒಂದು ಗಂಟೆಗೂ ಮೀರಿ ತಿಣುಕಬೇಕಾಗಿ ಬಂದವರು ಕಡಿಮೆಯೇ ಇದ್ದರು. ಏಕೆಂದರೆ ಬಿಗಿಯುವುದನ್ನು ಬಲ್ಲ ಸ್ನಾಯುವಿಗೆ ಬಿಡುವುದೂ ತಿಳಿದಿರುತ್ತದೆ. ಕಸರತ್ತಿನಲ್ಲಿ ಬಿಗಿಯುವುದು ಅರ್ಧ ಪಾಠ, ಪೂರ್ತಿ ಸಡಿಲ ಬಿಡುವುದು ಇನ್ನರ್ಧ. ನಮ್ಮವರು ಮೊದಲಿನದನ್ನು ಕಲಿತು ಎರಡನೆಯದನ್ನು ಮರೆಯುತ್ತಾರೆ.

ಇನ್ನೊಂದು ಆಕ್ಷೇಪಣೆಯನ್ನು ನಾನು ವಾಡಿಯಲ್ಲಿಯೂ ಕೇಳಿದ್ದೇನೆ, ಚಿಂಚೋಳಿಯಲ್ಲಿಯೂ ಕೇಳಿದ್ದೇನೆ. “ಪ್ಯಾಟಿ ಮಂದಿಗಿ ಬೇಕು ಈ ಕಸರತ್ತು. ನಮ್ಮ ಹೆಣ್ಣುಮಕ್ಕಳು ತೊಗರಿ ರಾಶಿ ಮಾಡವರು, ಕೊಡ ಹೊರವರು.” ದುಡಿತದಿಂದ ತೋಳು-ತೊಡೆ ಗಟ್ಟಿಯಾಗುತ್ತವೆ, ನಿಜ. ಆದರೆ ಭಾರ ಎತ್ತುವಾಗ ಉಸಿರು ಕಟ್ಟಿ ಮುಕ್ಕಿದರೆ, ಒತ್ತಡವೆಲ್ಲ ಮೇಲಿನಿಂದ ಈ ಜೋಲಿಯ ಮೇಲೇ ಬೀಳುತ್ತದೆ. ಅದು ಜೋಲಿಗೆ ವ್ಯಾಯಾಮವಲ್ಲ, ಹೊರೆ. ನೇಪಾಳದ ಗುಡ್ಡಗಾಡಿನ ಹೆಂಗಸರಿಗಿಂತ ಹೆಚ್ಚು ದುಡಿಯುವವರು ಯಾರು? ಹೆರಿಗೆಯಾದ ಕೆಲವೇ ದಿನಗಳಲ್ಲಿ ಸೌದೆ-ಹುಲ್ಲಿನ ಹೊರೆ ಹೊತ್ತು ಏರು ಹತ್ತುವವರು ಅವರು. ಗರ್ಭಚೀಲ ಕೆಳಗೆ ಜಾರುವ ತೊಂದರೆ ಅಲ್ಲಿ ಎಷ್ಟು ಹಬ್ಬಿತ್ತೆಂದರೆ, 2008ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ಇದು ಹೆಂಗಸರ ಹಕ್ಕಿಗೆ ಬಂದ ಕುಂದು ಎಂದು ತೀರ್ಪು ಕೊಟ್ಟು, ಸರ್ಕಾರಕ್ಕೆ ಆಜ್ಞೆ ಮಾಡಬೇಕಾಯಿತು.

ಈಗ ಕಸರತ್ತಿನ ವಿಧಾನ. ಮೊದಲು ಸ್ನಾಯುವನ್ನು ಹುಡುಕಬೇಕು. ಮೂತ್ರ ಮಾಡಿ ಬಂದು, ಒಂದು ಮಗ್ಗುಲಿಗೆ ಮಲಗಿ, ಇಲ್ಲವೇ ಮಣೆಯ ಮೇಲೋ ಕುರ್ಚಿಯ ಮೇಲೋ ಬೆನ್ನು ನೆಟ್ಟಗಿಟ್ಟು ಕೂಡಿ. ನಾಲ್ಕು ಜನರ ನಡುವೆ ಇದ್ದಾಗ ಹೊಟ್ಟೆಯ ಗಾಳಿ ಹೊರಬರುವಂತಾದರೆ ಅದನ್ನು ತಡೆಹಿಡಿಯುತ್ತೀರಲ್ಲ, ಹಾಗೆ ಹಿಂದಿನ ದ್ವಾರವನ್ನು ಒಳಕ್ಕೆ ಸೆಳೆದುಕೊಳ್ಳಿ. ಆ ಸೆಳೆತವನ್ನು ಹಾಗೇ ಮುಂದಕ್ಕೆ, ಮೂತ್ರ ತಡೆದು ಹಿಡಿಯುವ ಜಾಗದವರೆಗೆ ತನ್ನಿ. ಒಳಗಡೆ ಏನೋ ಒಂದು ಮೇಲಕ್ಕೆ ಎತ್ತಿದಂತೆ ಅನಿಸಬೇಕು. ತೊಡೆ ಒತ್ತಬಾರದು, ಪಿರ್ರೆ ಬಿಗಿಯಬಾರದು, ಹೊಟ್ಟೆಯನ್ನು ಉಬ್ಬಿಸಬಾರದು, ಉಸಿರು ನಿಲ್ಲಬಾರದು. ಹೊರಗಿನಿಂದ ನೋಡುವವರಿಗೆ ನೀವು ಸುಮ್ಮನೆ ಕುಳಿತಂತೆ ಕಾಣಬೇಕು. ಹಲ್ಲು ಕಚ್ಚಿ ಹುಬ್ಬು ಗಂಟಿಕ್ಕಿದರೆ ಅದು ಮುಖದ ಕಸರತ್ತಾದೀತೇ ಹೊರತು ಇದಾಗಲಾರದು.

ಮೊದಲು ಮನಸ್ಸಿನಲ್ಲೇ ಮೂರು ಎಣಿಸುವ ತನಕ ಬಿಗಿದು ಹಿಡಿಯಿರಿ. ಆಮೇಲೆ ಪೂರ್ತಿ ಬಿಡಿ. ಬಿಗಿದಷ್ಟು ಹೊತ್ತಾದರೂ ಸಡಿಲವಾಗಿ ಇರಿ. ದಿನ ಕಳೆದಂತೆ ಮೂರರ ಎಣಿಕೆಯನ್ನು ಆರಕ್ಕೆ, ಎಂಟಕ್ಕೆ ಏರಿಸಬಹುದು. ಒಂದು ಸಲಕ್ಕೆ ಎಂಟರಿಂದ ಹನ್ನೆರಡು ಬಾರಿ, ದಿನಕ್ಕೆ ಎರಡು-ಮೂರು ಸಲ. ಕೊನೆಯಲ್ಲಿ ಮೂರು-ನಾಲ್ಕು ಬಾರಿ ಚಟ್ಟನೆ ಬಿಗಿದು ಚಟ್ಟನೆ ಬಿಡಿ. ಕೆಮ್ಮು-ಸೀನು ಹೇಳಿಕೇಳಿ ಬರುವುದಿಲ್ಲವಲ್ಲ, ಅದಕ್ಕೆ ಈ ಚುರುಕು ಬೇಕು. ಮೂತ್ರ ಮಾಡುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದನ್ನು ಕೆಲವರು ಹೇಳಿಕೊಡುತ್ತಾರೆ. ಅದು ಬೇಡ. ಮೂತ್ರಕೋಶ ಪೂರ್ತಿ ಬರಿದಾಗದೆ ಹೊಸ ತೊಂದರೆ ಬಂದೀತು. ನಾಲ್ಕೈದು ತಿಂಗಳ ಮೇಲೆ ಬಹಳ ಹೊತ್ತು ಅಂಗಾತ ಮಲಗಿ ಮಾಡುವುದೂ ಒಳ್ಳೆಯದಲ್ಲ.

ಇದರ ಜೊತೆಗೆ ಒಂದು ಉಪಾಯ. ಕೆಮ್ಮು ಬರುತ್ತಿದೆ, ಸೀನು ಬರುತ್ತಿದೆ, ಕೊಡ ಎತ್ತಬೇಕಾಗಿದೆ ಎಂದಾಗ, ಅದಕ್ಕೆ ಅರೆಗಳಿಗೆ ಮುಂಚೆ ತಳವನ್ನು ಬಿಗಿದುಕೊಳ್ಳಿ. ಎತ್ತುವಾಗ ಉಸಿರನ್ನು ಹೊರಕ್ಕೆ ಬಿಡಿ. ಮಿಶಿಗನ್ನಿನವರೇ 1998ರಲ್ಲಿ, ವಯಸ್ಸಾದ ಹೆಂಗಸರಿಗೆ ಈ ಉಪಾಯವನ್ನು ಕಲಿಸಿ ನೋಡಿದಾಗ ಒಂದೇ ವಾರದಲ್ಲಿ ಕೆಮ್ಮಿದಾಗ ಜಾರುವ ಮೂತ್ರ ಗಣನೀಯವಾಗಿ ಕಡಿಮೆಯಾಗಿತ್ತು. ಸ್ನಾಯು ಬೆಳೆಯಲು ಒಂದು ವಾರ ಏತರದು? ಬೆಳೆದದ್ದು ಸ್ನಾಯುವಲ್ಲ, ಸಮಯಪ್ರಜ್ಞೆ.

ಇಷ್ಟು ಹೇಳಿದ ಮೇಲೆ, ನನ್ನ ಕಸಬಿಗೆ ವಿರುದ್ಧವಾದ ಒಂದು ಮಾತನ್ನು ನಾನೇ ಹೇಳಬೇಕಾಗಿದೆ. ರೇಡಿಯೋದಲ್ಲಿ ಕೇಳಿ ಇದನ್ನು ಸರಿಯಾಗಿ ಕಲಿಯುವುದು ಎಲ್ಲರಿಂದ ಆಗದು. 1991ರಲ್ಲಿ ಅಮೆರಿಕೆಯಲ್ಲಿ 47 ಹೆಂಗಸರಿಗೆ ಇದೇ ರೀತಿ ಬಾಯಿಮಾತಿನಲ್ಲಿ ಚುಟುಕಾಗಿ ಹೇಳಿಕೊಟ್ಟು, ಆಮೇಲೆ ಪರೀಕ್ಷಿಸಿ ನೋಡಿದರು. ಸರಿಯಾಗಿ ಮಾಡಿದವರು ಅರ್ಧದಷ್ಟು ಮಂದಿ. ನಾಲ್ವರಲ್ಲಿ ಒಬ್ಬಳಂತೂ ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದಳು. ಎಂದರೆ ತೊಂದರೆಯನ್ನು ಹೆಚ್ಚು ಮಾಡಿಕೊಳ್ಳುತ್ತಿದ್ದಳು. ಆಡಕಿಯ ಹುಡುಗಿಗೂ ಹಾಗೇ ಆಗಿತ್ತು. ಫೋನಿನಲ್ಲಿ ಏನೋ ನೋಡಿ ಒಂದು ತಿಂಗಳಿಂದ ಆಕೆ ದಿನವೂ ಮಾಡುತ್ತಿದ್ದದ್ದು ಕಸರತ್ತಲ್ಲ, ಮುಕ್ಕುವುದು. ಕೆಗೆಲ್ ಮಹಾಶಯರು ಮುಳ್ಳಿನ ಉಪಕರಣವನ್ನು ಮಾಡಿದ್ದು ಇದಕ್ಕೇ. ಕಲಿತ ಕೈಯೊಂದು ಒಂದು ಸಲ ಪರೀಕ್ಷಿಸಿ, “ಹೌದು, ಇದೇ” ಎಂದು ಹೇಳಬೇಕು. ಆಮೇಲಿನದು ಮನೆಯ ಪಾಠ.

ಆ ಕೈಯನ್ನು ಎಲ್ಲಿ ಹುಡುಕುವುದು? ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. 2016ರಲ್ಲಿ ಆರಂಭವಾದ ಸುರಕ್ಷಿತ ಮಾತೃತ್ವ ಯೋಜನೆ ಅದು. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಅದೆಲ್ಲ ಗೊತ್ತು. ತಾಯಿ ಕಾರ್ಡು ಹಿಡಿದು ಹೋದಾಗ ತೂಕ ನೋಡುತ್ತಾರೆ, ರಕ್ತ ನೋಡುತ್ತಾರೆ, ಕೂಸಿನ ಎದೆಬಡಿತ ಕೇಳುತ್ತಾರೆ. ಈ ಒಂದು ಪ್ರಶ್ನೆಯನ್ನು ಅವರಾಗಿ ಕೇಳುವುದು ಅಪರೂಪ. ನೀವೇ ಕೇಳಬೇಕು. “ನನ್ನ ತಳದ ಸ್ನಾಯು ಸರಿಯಾಗಿ ಬಿಗಿಯುತ್ತದೋ ಇಲ್ಲವೋ ನೋಡಿ” ಎಂದು ಕೇಳಬಹುದು. ಕೇಳಿದರೆ ಎಲ್ಲ ಕಡೆಯೂ ಒಳ್ಳೆಯ ಉತ್ತರ ಸಿಕ್ಕೀತೆಂದು ನಾನು ಹೇಳುವುದಿಲ್ಲ. ಬಸುರಿಯೊಬ್ಬಳು ಹೀಗೆ ಕೇಳಿದ್ದಕ್ಕೆ, “ಹೆತ್ತ ಮೇಲೆ ಎಲ್ಲಾ ಸರಿಹೋಗ್ತದೆ, ಮುಂದಿನವರು ಬರ್ರಿ” ಎಂದು ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಗೆ ಸಾಲು ಉದ್ದವಿತ್ತು, ಒಳಗೆ ವೈದ್ಯೆ ಒಬ್ಬರೇ ಇದ್ದರು. ಆದರೂ ಆ ಮಾತು ತಪ್ಪು. ಫಿಸಿಯೋಥೆರಪಿಯಲ್ಲಿ ಸ್ತ್ರೀಯರ ಆರೋಗ್ಯವನ್ನೇ ವಿಶೇಷವಾಗಿ ಕಲಿತವರು ಇದ್ದಾರೆ. ನಮ್ಮ ಸೀಮೆಯ ಚಿಕ್ಕ ಊರುಗಳಲ್ಲಿ ಅವರು ಸಿಗುವುದು ಕಷ್ಟ. ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗೆ ಹೋದಾಗ ವಿಚಾರಿಸಬೇಕು. ಒಂದೆರಡು ಭೇಟಿ ಸಾಕು, ಇದಕ್ಕಾಗಿ ತಿಂಗಳುಗಟ್ಟಲೆ ಓಡಾಡಬೇಕಾಗಿಲ್ಲ.

ಮನೆಯವರು ಮಾಡಬೇಕಾದ ಕೆಲಸವೂ ಉಂಟು. ನೀರು ಕುಡಿಯುವುದನ್ನು ನಿಲ್ಲಿಸಿದರೆ ಜಾರುವುದು ನಿಂತೀತೆಂಬುದು ಭ್ರಮೆ. ನಮ್ಮ ಬಿಸಿಲಿನಲ್ಲಿ ಬಸುರಿ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಬರುತ್ತದೆ, ಸೋಂಕು ತಗಲುತ್ತದೆ, ಮಲಬದ್ಧತೆ ಆಗುತ್ತದೆ. ಮಲಬದ್ಧತೆಯೋ ಈ ಜೋಲಿಯ ದೊಡ್ಡ ವೈರಿ. ದಿನವೂ ತಿಣುಕಿ ತಿಣುಕಿ ಕೂಡುವವಳು ಎಷ್ಟು ಕಸರತ್ತು ಮಾಡಿದರೂ ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ಕಬ್ಬಿಣದ ಗುಳಿಗೆಯಿಂದ ಕೆಲವರಿಗೆ ಹೀಗಾಗುತ್ತದೆ. ಗುಳಿಗೆಯನ್ನು ಬಿಡಬೇಡಿ, ಡಾಕ್ಟರಿಗೆ ಹೇಳಿ. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯಗಳು ನಮ್ಮ ಮನೆಗಳಲ್ಲಿ ಇದ್ದೇ ಇವೆ. ಮೈದಾದ ಬಿಸ್ಕೀಟು ಚಹಾದಲ್ಲಿ ಅದ್ದಿ ಹೊಟ್ಟೆ ತುಂಬಿಸುವುದು ಈಚಿನ ಚಾಳಿ. ವಾರಗಟ್ಟಲೆ ಬಿಡದ ಕೆಮ್ಮಿದ್ದರೆ ಅದನ್ನು ತೋರಿಸಿ. ಇನ್ನು ನೀರಿನ ಕೊಡ. ನಲ್ಲಿ ಬರುವುದು ಎರಡು ದಿನಕ್ಕೊಮ್ಮೆ, ತುಂಬಬೇಕಾದ್ದು ಹತ್ತು ಕೊಡ; ಮನೆಯಲ್ಲಿ ಗಂಡಸರಿದ್ದಾರೆ. ಇದಕ್ಕಿಂತ ಹೆಚ್ಚು ನಾನು ಹೇಳಬೇಕಾಗಿಲ್ಲ.

ಎಚ್ಚರದ ಮಾತುಗಳು ಮೂರು-ನಾಲ್ಕು. ಕೆಮ್ಮಿದಾಗ ಎರಡು ಹನಿ ಜಾರುವುದು ಬೇರೆ. ಕೆಮ್ಮದೆ ನಗದೆ ಸುಮ್ಮನೆ ಬಟ್ಟೆ ಒದ್ದೆಯಾಗುತ್ತಲೇ ಇದ್ದರೆ ಅದು ಗರ್ಭಜಲವಿರಬಹುದು. ಆಗ ಕಸರತ್ತಿನ ಯೋಚನೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತ ಕಂಡರೂ ಅಷ್ಟೇ, ದಿನ ತುಂಬುವ ಮೊದಲೇ ನೋವು ಬಂದರೂ ಅಷ್ಟೇ. ಮೂತ್ರದಲ್ಲಿ ಉರಿ, ಜ್ವರ ಇದ್ದರೆ ಮೂತ್ರಪರೀಕ್ಷೆ ಆಗಬೇಕು. ಮಾಸು ಕೆಳಗಿದೆಯೆಂದು ಡಾಕ್ಟರು ಹೇಳಿದ್ದರೆ ಅವರನ್ನು ಕೇಳದೆ ಏನನ್ನೂ ಮಾಡಬಾರದು. ಇನ್ನು ಕೆಲವು ಹೆಂಗಸರ ತಳ ಸಡಿಲವಲ್ಲ, ಸದಾ ಬಿಗಿದುಕೊಂಡೇ ಇರುತ್ತದೆ. ಕೂತರೆ ನೋವು, ಗಂಡನ ಹತ್ತಿರ ಹೋದರೆ ನೋವು. ಅಂಥವರು ಇನ್ನಷ್ಟು ಬಿಗಿಯುವುದನ್ನು ಕಲಿತರೆ ನೋವು ಹೆಚ್ಚೀತು. ಅವರಿಗೆ ಬಿಡುವ ಪಾಠವೇ ಚಿಕಿತ್ಸೆ. ಯಾರು ಯಾವ ಬಗೆಯವರೆಂಬುದು ಪರೀಕ್ಷಿಸಿ ನೋಡದೆ ತಿಳಿಯುವುದಿಲ್ಲ.

ಕೊನೆಯ ತಿಂಗಳಲ್ಲಿ ಬಿಡುವ ಪಾಠವೇ ಎಲ್ಲರಿಗೂ ಮುಖ್ಯ. ನಿಧಾನವಾಗಿ ಉಸಿರು ಬಿಡುತ್ತ, ತಳ ಕೆಳಗಿಳಿದು ಅರಳಿದಂತೆ ಭಾವಿಸಿಕೊಳ್ಳಬೇಕು. ಹೆರಿಗೆಯ ದಿನ ದವಡೆ ಬಿಗಿದು ಮುಷ್ಟಿ ಕಟ್ಟುವ ಹುಡುಗಿಗೆ ಈ ಅಭ್ಯಾಸ ಆಗ ಒದಗುತ್ತದೆ. ದ್ವಾರ ಪೂರ್ತಿ ತೆರೆಯುವ ಮೊದಲೇ “ಮುಕ್ಕು, ಮುಕ್ಕು” ಎಂದು ಅವಸರಪಡಿಸುವುದು ಸಲ್ಲದು. ಮೇಲಿನಿಂದ ಹೊಟ್ಟೆ ಒತ್ತಿ ಕೂಸನ್ನು ತಳ್ಳುವ ಪದ್ಧತಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಬಾಣಂತಿತನದಲ್ಲಿ ಹೊಟ್ಟೆಗೆ ಸೀರೆ ಸುತ್ತುವ ವಾಡಿಕೆ ನಮ್ಮಲ್ಲುಂಟು. ನಡುವಿಗೆ ಆಸರೆಯಾಗುವಷ್ಟು ಸುತ್ತಿದರೆ ಬಾಧಕವಿಲ್ಲ. ಉಸಿರು ಸಿಕ್ಕುವಂತೆ ಬಿಗಿದರೆ ಹೊಟ್ಟೆಯ ಒತ್ತಡ ಎಲ್ಲಿಗೆ ಹೋಗಬೇಕು? ಅದು ಕೆಳಕ್ಕೇ ಹೋಗುತ್ತದೆ. ನೋವಿಲ್ಲದಷ್ಟು ಹಗುರಾಗಿ ಕಸರತ್ತನ್ನು ಹೆರಿಗೆಯ ಕೆಲವು ದಿನಗಳಲ್ಲೇ ಮತ್ತೆ ಆರಂಭಿಸಬಹುದು. ಅಂಟಿನ ಉಂಡಿ, ಅಳವಿ ಪಾಯಸಗಳ ಜೊತೆಗೆ ಬಾಣಂತಿಗೆ ದಿನಕ್ಕೆ ಐದೈದು ನಿಮಿಷ ಇದಕ್ಕೂ ಇರಲಿ.

ಮೂತ್ರ ಜಾರುವುದರಿಂದ ಪ್ರಾಣವೇನೂ ಹೋಗುವುದಿಲ್ಲವಲ್ಲ, ಇಷ್ಟೇಕೆ ಹಟ ಎಂದು ಕೇಳಬಹುದು. ಬಾಯಿ ಬಿಡದ ನೋವು ಎಲ್ಲಿಗೆ ಹೋಗಿ ಮುಟ್ಟೀತೆಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. ಬೆನ್ನುನೋವು, ಬಿಳಿಸೆರಗು, ಕಿಬ್ಬೊಟ್ಟೆಯ ನೋವು ಎಂದು ಹೋದ ತಾಂಡಾಗಳ, ಹಳ್ಳಿಗಳ ಬಡ ಹೆಂಗಸರ ಗರ್ಭಚೀಲವನ್ನೇ ತೆಗೆದುಹಾಕಿದ ಪ್ರಕರಣಗಳು 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಬಯಲಿಗೆ ಬಂದವು. ಅವರಲ್ಲಿ ಬಹಳ ಮಂದಿ ನಲವತ್ತು ದಾಟದವರು. ತನಿಖೆಯಾಯಿತು, ಆ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಅನಾವಶ್ಯಕವಾದ ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ನಿಯಮಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಆ ಹೆಂಗಸರ ತೊಂದರೆಗಳೆಲ್ಲ ತಳದ ಸ್ನಾಯುವಿನದೇ ಎಂದು ನಾನು ಹೇಳುತ್ತಿಲ್ಲ. ಆದರೆ ಸೀರೆಯ ಒಳಗಿನ ನೋವನ್ನು ಇಪ್ಪತ್ತರಲ್ಲಿ ಮನೆಯವರ ಮುಂದೆ ಹೇಳಲಾಗದವಳು, ಮೂವತ್ತೈದರಲ್ಲಿ ಅದನ್ನು ಕತ್ತರಿ ಹಿಡಿದವನ ಮುಂದೆ ಹೇಳಬೇಕಾಗುತ್ತದೆ. ಆ ಹೊತ್ತಿಗೆ ಆಕೆಯ ಜೊತೆಗೆ ಕೇಳುವವರು ಯಾರೂ ಇರುವುದಿಲ್ಲ.

ಆಡಕಿಯ ಹುಡುಗಿ ಕುಬಸದ ಮುಂದಿನ ವಾರ ಅತ್ತೆಯನ್ನು ಕರೆದುಕೊಂಡು ಕಲಬುರಗಿಗೆ ಬಂದಳು. ಮೂರು ಸಲ ಬಂದಳು. ಕೊನೆಯ ತಿಂಗಳಲ್ಲೂ ಒಮ್ಮೊಮ್ಮೆ ಜಾರುತ್ತಿತ್ತು, ಪೂರ್ತಿ ನಿಂತಿರಲಿಲ್ಲ. ಆದರೆ ಸೀನುವ ಮೊದಲು ಬಿಗಿದುಕೊಳ್ಳುವುದು ಕೈವಶವಾಗಿತ್ತು, ನೀರು ಕುಡಿಯುತ್ತಿದ್ದಳು. ಹೆಣ್ಣುಕೂಸು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಹೋದಾಗ ಅದೇ ಮುದುಕಿ ಅದೇ ಒಡಪನ್ನು ಮತ್ತೆ ಹೇಳಿದಳು. ಈ ಸಲ ಬಾಣಂತಿಯೂ ನಕ್ಕಳು.

ನಾನು ಹೊರಡುವಾಗ ಅತ್ತೆ ಅಂಗಳದ ತನಕ ಕಳಿಸಲು ಬಂದಳು. ಆಚೆ ಈಚೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ಐವತ್ತೆಂಟು ಆದಾವ ನನಗ. ಈ ವಯಸ್ಸಿನಾಗ ನನಗೂ ಬರ್ತದೇನ್ರಿ ಆ ಕಸರತ್ತು?” ಎಂದು ಕೇಳಿದಳು. ಬರುತ್ತದೆ, ಮೂರು ತಿಂಗಳು ಬಿಡದೆ ಮಾಡಬೇಕು ಎಂದೆ. ಮುಂದಿನ ಸೋಮವಾರ ಬರುವುದೆಂದು ಗೊತ್ತುಮಾಡಿಕೊಂಡೆವು.